ಸಿಕ್ಕು ಬಿಡಿಸದೆ ನಾಯಿಗೆ ಸ್ನಾನ ಮಾಡಿಸುವವರ ಕೈಗೆ ಕೊಡಬೇಡಿ

ತುಮಕೂರಿನಲ್ಲಿ ಶಿಟ್ಜು, ಲಾಸಾ, ಮಾಲ್ಟೀಸ್ ಥರದ ಉದ್ದ ಕೂದಲಿನ ಪುಟ್ಟ ನಾಯಿ ಸಾಕಿರುವವರು ದಯವಿಟ್ಟು ಓದಿ. ಗ್ರೂಮಿಂಗ್‌ಗೆ ಬಿಡುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: ಮೊದಲು ಬಾಚುತ್ತೀರಾ, ಇಲ್ಲ ಸ್ನಾನ ಮಾಡಿಸುತ್ತೀರಾ? ಸ್ನಾನ ಅಂದರೆ ನಾಯಿಯನ್ನು ಎತ್ತಿಕೊಂಡು ವಾಪಸ್ ಬಂದುಬಿಡಿ. ನಮ್ಮ ನಾಯಿಯನ್ನು ಹಾಳು ಮಾಡಿದ ಅಂಗಡಿಯ ಹೆಸರು ಬರೆಯುತ್ತಿಲ್ಲ. ಇದೇ ರೀತಿ ಕೆಲಸ ಮಾಡುವ ಜಾಗ ಅದೊಂದೇ ಇರಲಾರದು.

ನಮ್ಮ ಚಿನ್ನು ಶಿಟ್ಜು. ಸಂಜೆ ಹೊತ್ತು ಅವಳನ್ನು ಬಾಚುವುದು ಮನೆಯಲ್ಲಿ ರೂಢಿ. ಆದರೆ ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ಬಡಾವಣೆಯ ಖಾಲಿ ಸೈಟುಗಳಲ್ಲೆಲ್ಲ ಉತ್ತರಾಣಿ ಎದ್ದು ನಿಲ್ಲುತ್ತದೆ. ಅದರ ಬೀಜ ಸೀರೆಯ ಅಂಚನ್ನೇ ಬಿಡುವುದಿಲ್ಲ, ಇನ್ನು ನೆಲಕ್ಕೆ ತಾಗುವ ಕೂದಲನ್ನು ಬಿಡುತ್ತದೆಯೇ? ಆ ವಾರ ಅವಳ ಕಿವಿ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಬೆಲ್ಟ್ ಕೂರುವ ಜಾಗದಲ್ಲಿ ಸಣ್ಣ ಸಣ್ಣ ಸಿಕ್ಕುಗಳಾಗಿದ್ದವು. ಕೂತು ಬಿಡಿಸಿದರೆ ಬರುವಂಥವು. ಉಗುರು, ಪಾದದ ಕೂದಲು, ಕಣ್ಣಿಗೆ ಬೀಳುವ ಕೂದಲು ಕತ್ತರಿಸಿ, ಸಿಕ್ಕು ಬಿಡಿಸಿ, ಸ್ನಾನ ಮಾಡಿಸಿ ಅಂತ ಹೇಳಿಯೇ ಬಿಟ್ಟೆವು. "ಅಕ್ಕಾ, ನೀವು ಎದುರಿಗಿದ್ರೆ ಹಠ ಮಾಡುತ್ತೆ. ಊಟ ಮುಗಿಸ್ಕೊಂಡು ಬನ್ನಿ" ಅಂತ ಹುಡುಗ ಬಾಗಿಲು ಹಾಕಿಕೊಂಡ.

ಹೋಗಿ ನೋಡಿದರೆ ಚಿನ್ನು ಮೈಮೇಲೆ ಕೂದಲೇ ಇಲ್ಲ. ಗುಲಾಬಿ ಚರ್ಮ ಕಾಣುವ ಹಾಗೆ ಬೋಳಿಸಿದ್ದರು. ತೊಡೆಸಂದಿಯಲ್ಲಿ ಬ್ಲೇಡಿನ ಅಗಲಕ್ಕೆ ಸರಿಯಾಗಿ ಕೆಂಪು ಪಟ್ಟೆ. ನಾಲಿಗೆ ಪೂರ್ತಿ ಹೊರಗೆ ಹಾಕಿ ಏದುಸಿರು ಬಿಡುತ್ತಿದ್ದಳು. ಬಿಸಿ ಗಾಳಿ ಊದುವ ಮುಚ್ಚಿದ ಪೆಟ್ಟಿಗೆಯಿಂದ ಆಗಷ್ಟೇ ತೆಗೆದಿದ್ದರು. ಕೇಳಿದರೆ, "ತುಂಬಾ ಸಿಕ್ಕಿತ್ತಕ್ಕಾ, ಸ್ನಾನ ಆದ್ಮೇಲೆ ಇನ್ನೂ ಬಿಗಿಯಾಗೋಯ್ತು, ಬೋಳಿಸದೆ ಬೇರೆ ದಾರಿ ಇರಲಿಲ್ಲ" ಅಂದ. ಕಸದ ಬುಟ್ಟಿಯಲ್ಲಿ ಅವಳ ಕಿವಿ ಹಿಂದಿನ ಕೂದಲು ಹೆಬ್ಬೆರಳು ಗಾತ್ರದ ಗಟ್ಟಿ ಉಂಡೆಯಾಗಿ ಬಿದ್ದಿತ್ತು. ಎತ್ತಿ ಬಿಡಿಸಿ ನೋಡಿದೆ. ಒಳಗೆ ಉತ್ತರಾಣಿ ಬೀಜಗಳು ಹಾಗೇ ಕೂತಿದ್ದವು. ಬಾಚಣಿಗೆ ಒಂದು ಸಲ ಆಡಿಸಿದ್ದರೂ ಮೊದಲು ಉದುರಬೇಕಾದದ್ದು ಅವೇ ಅಲ್ವಾ?

ಸ್ನಾನ ಆದ ಮೇಲೆ ಬಿಗಿಯಾಯಿತು ಅಂದನಲ್ಲ, ಆ ಮಾತು ನಿಜ. ತಪ್ಪು ಇರುವುದೂ ಅಲ್ಲೇ. ಈ ನಾಯಿಗಳ ಉದುರಿದ ಕೂದಲು ನೆಲಕ್ಕೆ ಬೀಳುವುದಿಲ್ಲ, ಉಳಿದ ಉದ್ದ ಕೂದಲಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕು ಶುರುವಾಗುವುದೇ ಹಾಗೆ. ಅದರ ಮೇಲೆ ನೀರು ಸುರಿದು ತಿಕ್ಕಿದರೆ ಎಳೆ ಎಳೆ ಹೆಣೆದುಕೊಂಡು, ಒಣಗುವಾಗ ಬುಡಕ್ಕೆ ಬಿಗಿಯುತ್ತದೆ. ಒಳಗಿನ ಶಾಂಪೂ ಹೋಗುವುದಿಲ್ಲ, ಪಸೆಯೂ ಆರುವುದಿಲ್ಲ. ಕೆಳಗಿನ ಚರ್ಮ ಕೆಂಪಾಗಿ, ಕಡಿತ ಬಂದು, ನಾಯಿ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಲ್ಲಿ ಶಾಂಪೂ ತೊಳೆದು ಹೋಗುವುದು ಇನ್ನೂ ಕಷ್ಟ.

ಪಟ್ಟೆ ಬಿದ್ದದ್ದು ಬ್ಲೇಡಿನಿಂದ. ಟ್ರಿಮ್ಮರ್ ಓಡುತ್ತಾ ಓಡುತ್ತಾ ಬ್ಲೇಡು ಕಾಯುತ್ತದೆ. ಗೊತ್ತಿರುವವರು ಆಗಾಗ ನಿಲ್ಲಿಸಿ, ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಬಿಸಿಯಿದ್ದರೆ ಬೇರೆ ಬ್ಲೇಡು ಹಾಕುತ್ತಾರೆ. ತೊಡೆಸಂದಿ, ಕಂಕುಳು, ಹೊಟ್ಟೆಯ ಚರ್ಮ ತೀರಾ ತೆಳು. ಅಲ್ಲಿ ಅವಸರ ಮಾಡಿದರೆ ಸುಡದೇ ಇರುತ್ತದೆಯೇ?

ನನಗೆ ಈಗಲೂ ಸಿಟ್ಟು ಬರುವುದು ಆ ಪೆಟ್ಟಿಗೆ ನೆನೆದರೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅದು ತಣ್ಣಗಾಗುವುದು ಮುಖ್ಯವಾಗಿ ಏದುಸಿರು ಬಿಟ್ಟು. ಶಿಟ್ಜುವಿನಂಥ ಮೊಂಡು ಮೂಗಿನ ನಾಯಿಗೆ ಅದೂ ಸರಿಯಾಗಿ ಆಗುವುದಿಲ್ಲ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106 ದಾಟಿದರೆ ಒಳಗಿನ ಅಂಗಗಳಿಗೇ ಪೆಟ್ಟು, ಜೀವವೂ ಹೋಗಬಹುದು. ನಾವು ನೇರ ಪಶುವೈದ್ಯರ ಹತ್ತಿರ ಓಡಿದಾಗ ಚಿನ್ನುಗೆ 104 ಇತ್ತು. ಫ್ಯಾನ್ ಹಾಕಿ, ಮೈಗೆ ತಣ್ಣೀರು ಹಚ್ಚಿ ಇಳಿಸಿದರು. ಸುಟ್ಟ ಜಾಗಕ್ಕೆ ಮುಲಾಮು ಕೊಟ್ಟು, ನೆಕ್ಕದಿರಲಿ ಅಂತ ಕುತ್ತಿಗೆಗೆ ಕೋನ್ ಹಾಕಿದರು. ಅವಳು ಉಳಿದಳು. ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೋ ಯೋಚಿಸಲಿಕ್ಕೂ ಆಗುವುದಿಲ್ಲ.

ಹಾಗಾಗಿ ಅಂಗಡಿಯಲ್ಲಿ ಡ್ರೈಯರ್ ಹೇಗಿದೆ ಅಂತ ಕಣ್ಣಾರೆ ನೋಡಿ. ಕೈಯಲ್ಲಿ ಹಿಡಿದು, ಬಾಚುತ್ತಾ ಒಣಗಿಸಬೇಕು. ಮುಚ್ಚಿದ ಪೆಟ್ಟಿಗೆ ಬೇಡವೇ ಬೇಡ. ಗಾಜಿನ ಆಚೆಯಿಂದಾದರೂ ನೋಡಲು ಬಿಡದ ಜಾಗಕ್ಕೆ ಕೊಡಬೇಡಿ. "ಸುಮ್ನೆ ಇರಲಿ ಅಂತ ಒಂದು ಇಂಜೆಕ್ಷನ್ ಕೊಡ್ತೀವಿ" ಅಂದರೆ ಖಂಡಿತ ಒಪ್ಪಬೇಡಿ, ಅದು ಪಶುವೈದ್ಯರು ನೋಡಿ ತೀರ್ಮಾನಿಸಬೇಕಾದ ವಿಷಯ. ಬಿಡುವ ಮುಂಚೆ ನಾಯಿಯ ಫೋಟೋ ತೆಗೆದು, "ನನ್ನನ್ನು ಕೇಳದೆ ಬೋಳಿಸಬೇಡಿ" ಅಂತ ವಾಟ್ಸಾಪ್‌ನಲ್ಲಿ ಕಳಿಸಿ. ಬಿಲ್ ಇಸ್ಕೊಳ್ಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಇವೇ ಕೈ ಹಿಡಿಯುವುದು. ನಮ್ಮ ಹತ್ತಿರ ಆ ಮೆಸೇಜು ಇದ್ದದ್ದರಿಂದಲೇ ಅವರು ಕೊನೆಗೆ ದುಡ್ಡು ವಾಪಸ್ ಕೊಟ್ಟರು.

ಪೊಮೇರಿಯನ್ ಸಾಕಿರುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಅವಕ್ಕೆ ಎರಡು ಪದರ ಕೂದಲು. ಬೇಸಿಗೆಗೆ ತಂಪಾಗಲಿ ಅಂತ ಬೋಳಿಸಿದರೆ ಕೆಲವಕ್ಕೆ ಮತ್ತೆ ಸರಿಯಾಗಿ ಬರುವುದೇ ಇಲ್ಲ, ಅಲ್ಲಲ್ಲಿ ಬೋಳಾಗಿಯೇ ಉಳಿಯುತ್ತದೆ.

ಸಣ್ಣ ಸಿಕ್ಕಾದರೆ ಮನೆಯಲ್ಲೇ ಬಿಡಿಸಬಹುದು. ಒಣಗಿದ ಕೂದಲಿಗೆ ಚೂರು ಕಾರ್ನ್‌ಫ್ಲೋರ್ ಉದುರಿಸಿ. ಚರ್ಮ ಎಳೆಯದ ಹಾಗೆ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಾಚುತ್ತಾ ಮೇಲೆ ಬನ್ನಿ. ಕತ್ತರಿ ಮಾತ್ರ ಬೇಡ. ಸಿಕ್ಕಿನ ಜೊತೆ ಚರ್ಮವೂ ಮೇಲೆದ್ದಿರುತ್ತದೆ, ಕೂದಲು ಅಂದುಕೊಂಡು ಚರ್ಮವನ್ನೇ ಕತ್ತರಿಸಿಬಿಡುತ್ತೇವೆ. ದಿನಾ ಬಾಚುವಾಗಲೂ ಬೈತಲೆ ತೆಗೆದು ಪದರ ಪದರವಾಗಿ ಬುಡದಿಂದ ಬಾಚಿ. ಮೇಲೆ ಮೇಲೆ ಬ್ರಷ್ ಆಡಿಸಿದರೆ ಹೊರಗೆ ನುಣ್ಣಗೆ ಕಾಣುತ್ತದೆ, ಒಳಗೆ ಸಿಕ್ಕು ಬೆಳೆಯುತ್ತಲೇ ಇರುತ್ತದೆ.

ಯಾರ ಮನೆಯಲ್ಲಾದರೂ ಈಗಾಗಲೇ ಹೀಗೆ ಬೋಳಿಸಿಕೊಂಡು ಬಂದ ನಾಯಿ ಇದ್ದರೆ ಹೊಟ್ಟೆ, ತೊಡೆಸಂದಿ, ಕಿವಿ ಹಿಂದೆ ಬೆಳಕಿನಲ್ಲಿ ನೋಡಿ. ಕೆಂಪು ಪಟ್ಟೆ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಮನೆಯಲ್ಲಿರುವ ನಮ್ಮ ಮುಲಾಮು ಹಚ್ಚಬೇಡಿ, ಜಿಂಕ್ ಆಕ್ಸೈಡ್ ಇರುವ ಮುಲಾಮು ನೆಕ್ಕಿದರೆ ನಾಯಿಗೆ ವಿಷ. ಕೂದಲು ಬರುವ ತನಕ ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ, ವಾಕಿಂಗ್ ಬೆಳಗ್ಗೆ ಬೇಗ ಇಲ್ಲವೇ ಸಂಜೆ ಇಟ್ಟುಕೊಳ್ಳಿ.