ಕುರುವಾಯಿ ಹತೋಟಿ: ಸುಳಿಯಲ್ಲೋ, ಗೊಬ್ಬರದ ಗುಂಡಿಯಲ್ಲೋ?

ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಒಂದೇ ಮದ್ದನ್ನು ಹೇಳುವುದಿಲ್ಲ. ಹಲವು ಉಪಾಯಗಳನ್ನು ಜತೆಯಾಗಿ ಬಳಸಲು ಸೂಚಿಸುತ್ತದೆ. ಅವುಗಳ ಪೈಕಿ ನುಸಿಗುಳಿಗೆ (ನ್ಯಾಫ್ತಲೀನ್ ಗುಳಿಗೆ), ಬೇವಿನ ಹಿಂಡಿ, ವಾಸನೆಯಿಂದ ದುಂಬಿಯನ್ನು ಸೆಳೆಯುವ ಫೆರೊಮೋನ್ ಬಲೆ ಮತ್ತು ಹುಳುಗಳಿಗೆ ರೋಗ ತರುವ ಮೆಟಾರೈಜಿಯಂ ಶಿಲೀಂಧ್ರ, ಈ ನಾಲ್ಕನ್ನು ಬದಿಯಡ್ಕ ಸಮೀಪದ ನಮ್ಮ ತೋಟದಲ್ಲಿ ಬಳಸಿ ನೋಡಿದ್ದೇನೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು ನಮಗೆ ದೂರವಲ್ಲವಾದ್ದರಿಂದ, ಸುಳಿಗೆ ವಿಷ ಹಾಕುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಎಳೆ ಸಸಿಗಳ ಮಟ್ಟಿಗೆ ಪೈಪೋಟಿ ಇರುವುದು ನುಸಿಗುಳಿಗೆಗೂ ಹಿಂಡಿಗೂ. ಸುಳಿಯ ಪಕ್ಕದ ಮಡಲುಗಳ ಕಂಕುಳಲ್ಲಿ ಮೂರು ನಾಲ್ಕು ಗುಳಿಗೆಗಳನ್ನಿಟ್ಟು ಮರಳು ಮುಚ್ಚಿ, 45 ದಿನಗಳಿಗೊಮ್ಮೆ ಹೊಸದನ್ನು ಇಡಬೇಕೆಂಬುದು ಶಿಫಾರಸು. ಅದು ದುಂಬಿಯನ್ನು ಕೊಲ್ಲುವುದಿಲ್ಲ, ವಾಸನೆಯಿಂದ ದೂರವಿಡುತ್ತದೆ, ಅಷ್ಟೆ. ಏಪ್ರಿಲ್ ತಿಂಗಳ ಸೆಕೆಗೆ ಗುಳಿಗೆ ಅವಧಿಗೆ ಮೊದಲೇ ಆವಿಯಾಗಿ, ಮರಳು ಮಾತ್ರ ಉಳಿದಿರುತ್ತದೆ. ಬೇವಿನ ಹಿಂಡಿಯ ಪುಡಿ 250 ಗ್ರಾಂನಷ್ಟನ್ನು ಸಮಪ್ರಮಾಣದ ಮರಳಿನೊಂದಿಗೆ ಬೆರೆಸಿ ಕಂಕುಳಿಗೆ ತುಂಬುವ ಕೆಲಸ ವರ್ಷಕ್ಕೆ ಮೂರು ಸಲ ಮಾಡಿದರೆ ಸಾಕಾಗುತ್ತದೆ, ಮಳೆಯಲ್ಲಿ ತೊಳೆದುಹೋದ ಹಿಂಡಿ ಬುಡಕ್ಕೆ ಗೊಬ್ಬರವೂ ಆಗುತ್ತದೆ. ಖರ್ಚು ತುಸು ಹೆಚ್ಚಾದರೂ ನನ್ನ ಆಯ್ಕೆ ಹಿಂಡಿಯೇ. ಆದರೆ ಕೈಗೆಟುಕುವ ಸಸಿಗಳಿಗಷ್ಟೇ ಈ ಮಾತು. ಎತ್ತರದ ಮರಕ್ಕೆ ಹತ್ತುವವರೇ ಸಿಗದಿರುವಾಗ ಎರಡೂ ಒಂದೇ.

ಫೆರೊಮೋನ್ ಬಲೆಯನ್ನು ನೋಡಿದವರೆಲ್ಲ ಮೆಚ್ಚುತ್ತಾರೆ, ಏಕೆಂದರೆ ಬೆಳಿಗ್ಗೆ ಬಕೆಟಿನಲ್ಲಿ ಬಿದ್ದ ದುಂಬಿಗಳು ಕಣ್ಣಿಗೆ ಕಾಣುತ್ತವೆ. ಗಂಡು ದುಂಬಿ ಹೊರಸೂಸುವ ವಾಸನೆಯನ್ನೇ ಕೃತಕವಾಗಿ ತಯಾರಿಸಿದ್ದರಿಂದ ಗಂಡು, ಹೆಣ್ಣು ಎರಡೂ ಬರುತ್ತವೆ. ತೊಡಕೆಂದರೆ, ಬಂದದ್ದೆಲ್ಲ ಬಕೆಟಿಗೆ ಬೀಳುವುದಿಲ್ಲ. ಸಸಿಗಳ ನಡುವೆ ಬಲೆ ತೂಗಿದರೆ ತಪ್ಪಿಸಿಕೊಂಡ ದುಂಬಿಗೆ ಊಟ ಅಲ್ಲೇ ಸಿದ್ಧವಿರುತ್ತದೆ. ಒಬ್ಬನ ತೋಟದಲ್ಲಷ್ಟೇ ಬಲೆಯಿದ್ದರೆ ನೆರೆಯ ತೋಟದ ದುಂಬಿಗಳಿಗೂ ಕರೆಯೋಲೆ ಕಳುಹಿಸಿದಂತೆ. ದುಂಬಿಯ ಹಾವಳಿ ಎಷ್ಟಿದೆಯೆಂದು ತಿಳಿಯಲು ಅದು ಉಪಯುಕ್ತ ಸಾಧನ. ಅದೊಂದನ್ನೇ ನಂಬಿ ಕೂರುವುದು ನನಗೆ ಸರಿಕಾಣಲಿಲ್ಲ.

ಕುರುವಾಯಿಯ ಬದುಕನ್ನು ಗಮನಿಸಿದರೆ ನಾಲ್ಕನೆಯ ಉಪಾಯಕ್ಕೆ ನಾನು ಏಕೆ ಹೆಚ್ಚು ಅಂಕ ಕೊಡುತ್ತೇನೆಂಬುದು ತಿಳಿದೀತು. ಸುಳಿ ಕೊರೆಯುವುದು ದುಂಬಿಯಾದರೂ ಅದರ ಮರಿಹುಳು ಜೀವಂತ ತೆಂಗನ್ನು ಮುಟ್ಟುವುದಿಲ್ಲ. ಹಟ್ಟಿಗೊಬ್ಬರದ ಗುಂಡಿಯಲ್ಲಿ ನಾಲ್ಕೈದು ತಿಂಗಳು ತಿಂದು ಕೊಬ್ಬುತ್ತದೆ. ಅಂದರೆ ನಾವೇ ಸಾಕಿ ತೋಟಕ್ಕೆ ಬಿಡುತ್ತಿದ್ದೇವೆ. ಒಂದು ಘನ ಮೀಟರ್ ಗೊಬ್ಬರಕ್ಕೆ 50,000 ಕೋಟಿ ಬೀಜಕಣಗಳು ಸೇರುವಷ್ಟು ಮೆಟಾರೈಜಿಯಂ ದ್ರಾವಣವನ್ನು ಬೆರೆಸಬೇಕೆಂಬುದು ಶಿಫಾರಸು. ಮಳೆ ಹಿಡಿದ ಮೇಲೆ ಹಾಕಿದ್ದರಿಂದ ಗುಂಡಿ ತೇವವಾಗಿಯೇ ಇತ್ತು. ಕೆಲವು ವಾರಗಳ ಬಳಿಕ ಗೊಬ್ಬರ ಬಗೆದಾಗ ಸಿಕ್ಕಿದ ಹುಳುಗಳು ಬಾಗಿದ ಭಂಗಿಯಲ್ಲೇ ಸೆಟೆದಿದ್ದವು. ಕೆಲವಕ್ಕೆ ಬಿಳಿ ಬೂಸ್ಟು, ಉಳಿದವಕ್ಕೆ ಮುಟ್ಟಿದರೆ ಬೆರಳಿಗಂಟುವ ಕಡು ಹಸಿರು ಪುಡಿ. ಆ ಪುಡಿಯೇ ಮುಂದಿನ ಹುಳುಗಳಿಗೆ ರೋಗದ ಬೀಜ.

ಇದಕ್ಕೂ ಕೊರತೆಗಳಿವೆ. ಫಲ ತಡವಾಗಿ ಕಾಣುತ್ತದೆ, ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಶಿಲೀಂಧ್ರ ಸೊರಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವುದೂ ಶಿಲೀಂಧ್ರ ಹಾಕುವ ಮಳೆಗಾಲದಲ್ಲೇ ಆದ್ದರಿಂದ ಡ್ರಮ್ಮನ್ನು ಗುಂಡಿಯ ಬಳಿ ತೊಳೆಯಕೂಡದು. ಆ ದ್ರಾವಣದಲ್ಲಿರುವ ಮೈಲುತುತ್ತು ಈ ಶಿಲೀಂಧ್ರವನ್ನೂ ಬಿಡುವುದಿಲ್ಲ. ಇನ್ನು, ಸತ್ತ ತೆಂಗಿನ ಮರವನ್ನು ಕಡಿದು ಸಾಗಿಸದೆ ತೋಟದ ಮೂಲೆಯಲ್ಲಿ ಕೊಳೆಯಲು ಬಿಟ್ಟರೆ ದುಂಬಿ ಅಲ್ಲಿಯೂ ಮೊಟ್ಟೆಯಿಡುತ್ತದೆ, ಗುಂಡಿಗೆ ಹಾಕಿದ ಮದ್ದು ಆ ಕಾಂಡದೊಳಗೆ ತಲುಪುವುದಿಲ್ಲ.