ಎಡಿಟಿಂಗ್ ಸಾಫ್ಟ್‌ವೇರ್ ಅಪ್‌ಗ್ರೇಡ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ, ಮದುವೆ ಸೀಸನ್ನಲ್ಲಂತೂ ಬೇಡವೇ ಬೇಡ

ಮದುವೆ ಫೋಟೋ ತೆಗೆಯೋರಿಗೆ, ಅದ್ರಲ್ಲೂ ಒಂದೇ ಕಂಪ್ಯೂಟರ್ ಇಟ್ಕೊಂಡು ಸ್ಟುಡಿಯೋ ನಡೆಸೋರಿಗೆ ಹೇಳ್ತಿದೀನಿ, ಎಐ ನಾಯ್ಸ್ ರಿಡಕ್ಷನ್ (ಕಮ್ಮಿ ಬೆಳಕಲ್ಲಿ ತೆಗೆದ ಫೋಟೋದಲ್ಲಿ ಬರೋ ಕಾಳು ಕಾಳು ಚುಕ್ಕೆ ತೆಗೆಯೋದು) ಬಂದಿದೆ ಅಪ್‌ಗ್ರೇಡ್ ಮಾಡಿ ಅಂತ ಸ್ಕ್ರೀನ್ ಮೇಲೆ ಆಫರ್ ಬಂದ್ ತಕ್ಷಣ ಕಾರ್ಡ್ ನಂಬರ್ ಹಾಕ್ಬೇಡಿ. ಕಂಪನಿ ಹೆಸರು ಹೇಳಲ್ಲ, ಯಾವ ಕಂಪನಿದಾದ್ರೂ ನೋಡ್ಕೋಬೇಕಾದ್ದು ಇದೇ.

ನಮ್ ಹತ್ರ ಒಂದೇ ಸಲ ದುಡ್ಡು ಕೊಟ್ಟು ತಗೊಂಡಿದ್ದ ಹಳೇ ವರ್ಷನ್ ಇತ್ತು, ಚೆನ್ನಾಗೇ ನಡೀತಿತ್ತು. ಹೊಸ ಕ್ಯಾಮೆರಾ ಬಂದ್ಮೇಲೆ ಅದರ ರಾ ಫೈಲ್ (ಕ್ಯಾಮೆರಾ ಜೆಪೆಗ್ ಮಾಡ್ದೆ ಹಾಗೇ ಕೊಡೋ ಮೂಲ ಫೈಲ್) ಅದ್ರಲ್ಲಿ ಓಪನ್ ಆಗ್ಲಿಲ್ಲ, ಸಪೋರ್ಟ್‌ಗೆ ಕೇಳಿದ್ರೆ ಅಪ್‌ಗ್ರೇಡ್ ಬಿಟ್ರೆ ಬೇರೆ ದಾರಿನೇ ಇಲ್ಲ ಅಂದ್ರು, ನಂಬಿ ಮಾಡ್ಬಿಟ್ಟೆ. ದಾರಿ ಇತ್ತು! ಅಡೋಬಿಯವರ ಡಿಎನ್‌ಜಿ ಕನ್ವರ್ಟರ್ ಅಂತ ಫ್ರೀ ಪ್ರೋಗ್ರಾಂ ಇದೆ, ಬೇರೆ ಬೇರೆ ಕ್ಯಾಮೆರಾದ ರಾ ಫೈಲ್‌ನ ಡಿಎನ್‌ಜಿ ಅನ್ನೋ ಒಂದೇ ಥರದ ರಾ ಫೈಲಾಗಿ ಬದಲಾಯಿಸುತ್ತೆ. ಉದಾಹರಣೆಗೆ ಕ್ಯಾನನ್‌ನ ಸಿಆರ್3 ಅನ್ನೋ ರಾ ಫೈಲ್ ಶುರುವಾಗಿದ್ದೇ 2018ರಲ್ಲಿ ಎಂ50 ಕ್ಯಾಮೆರಾದಿಂದ, ಅದಕ್ಕಿಂತ ಹಳೇ ಸಾಫ್ಟ್‌ವೇರ್‌ಗೆ ಅದು ಗೊತ್ತೇ ಇರಲ್ಲ, ಆದ್ರೆ ಡಿಎನ್‌ಜಿ ಓದೋ ಸಾಫ್ಟ್‌ವೇರ್ ಆಗಿದ್ರೆ ಕನ್ವರ್ಟ್ ಮಾಡಿ ಕೊಟ್ರೆ ಸಾಕು ಓಪನ್ ಆಗುತ್ತೆ. ಡಿಸ್ಕಲ್ಲಿ ಸ್ವಲ್ಪ ಜಾಗ ಹೋಗುತ್ತೆ, ಟೈಮ್ ಹಿಡಿಯುತ್ತೆ, ಅಷ್ಟೇ.

ಇನ್ನು ಆ ಎಐ ವಿಷ್ಯ. ಕಲ್ಯಾಣ ಮಂಟಪದ ಹಳದಿ ಲೈಟಲ್ಲಿ ಐಎಸ್‌ಒ 6400ರಲ್ಲಿ (ಅಂದ್ರೆ ಕಮ್ಮಿ ಬೆಳಕಿಗೆ ಅಂತ ಕ್ಯಾಮೆರಾ ಸೆನ್ಸಿಟಿವಿಟಿ ಏರಿಸಿ) ತೆಗೆದ ಧಾರೆ ಫೋಟೋ ಹಾಕಿ ನೋಡ್ದೆ. ದೂರದಿಂದ ನೋಡಿದ್ರೆ ಕ್ಲೀನಾಗಿದೆ, 100 ಪರ್ಸೆಂಟ್ ಝೂಮ್ ಮಾಡಿದ್ರೆ ಹುಡುಗಿ ಸೀರೆ ಜರಿ ಎಳೆ ಎಳೆಯಾಗಿ ಇರ್ಬೇಕಾದ್ದು ಕಲಸ್ಕೊಂಡ್ ಹೋಗಿದೆ, ಜಡೇಲಿ ಮುಡಿದಿರೋ ಮಲ್ಲಿಗೆ ಮೊಗ್ಗು ಮೇಣದ್ ಥರ ಕಾಣ್ತಿದೆ. ಸ್ಲೈಡರ್ ಇಳಿಸಿದ್ರೆ ಸರಿ ಹೋಗುತ್ತೆ, ಆದ್ರೆ ಇಳಿಸಿದ್ಮೇಲೆ ಹಳೇ ವರ್ಷನ್‌ಗೂ ಇದಕ್ಕೂ ಆಲ್ಬಮ್ ಸೈಜಲ್ಲಿ ಪ್ರಿಂಟ್ ಹಾಕಿದ್ರೆ ನನ್ ಕಣ್ಣಿಗೆ ವ್ಯತ್ಯಾಸನೇ ಕಾಣ್ಲಿಲ್ಲ. ಈ ಕೆಲ್ಸ ಎಲ್ಲಾ ಮಾಡೋದು ಗ್ರಾಫಿಕ್ಸ್ ಕಾರ್ಡು, ನಮ್ದು ಹಳೇ 2 ಜಿಬಿ ಕಾರ್ಡು, ಒಂದೊಂದ್ ಫೋಟೋಗೂ ನಿಮಿಷಗಟ್ಲೆ ಕೂರ್ಬೇಕು, ಒಂದು ಮದುವೆಗೆ ಎಷ್ಟು ಫೋಟೋ ಇರುತ್ತೆ ಅಂತ ನಿಮಗೇ ಗೊತ್ತು. ಅಂದ್ರೆ ಅಪ್‌ಗ್ರೇಡ್ ಖರ್ಚಿನ ಹಿಂದೇನೇ ಕಾರ್ಡ್ ಖರ್ಚೂ ನಿಂತಿರುತ್ತೆ, ಆಫರ್‌ನಲ್ಲಿ ಅದನ್ನ ಯಾರೂ ಹೇಳಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊಡೆತ ಬಿದ್ದಿದ್ದು ಕ್ಯಾಟಲಾಗ್‌ನಿಂದ, ಅಂದ್ರೆ ಯಾವ ಫೋಟೋ ಎಲ್ಲಿದೆ, ಏನ್ ಎಡಿಟ್ ಮಾಡಿದೀವಿ ಅಂತ ಸಾಫ್ಟ್‌ವೇರ್ ಬರೆದಿಟ್ಕೊಳ್ಳೋ ಫೈಲ್‌ನಿಂದ. ಹೊಸ ವರ್ಷನ್ ಓಪನ್ ಆದ್ ತಕ್ಷಣ ಕ್ಯಾಟಲಾಗ್ ಕನ್ವರ್ಟ್ ಮಾಡ್ಲಾ ಅಂತ ಕೇಳುತ್ತೆ, ಎಸ್ ಕೊಟ್ರೆ ಆ ಹೊಸ ಕ್ಯಾಟಲಾಗ್ ಹಳೇ ವರ್ಷನ್‌ನಲ್ಲಿ ಓಪನ್ ಆಗಲ್ಲ. ಹಳೇ ಫೈಲ್ ಹಾಗೇ ಇರುತ್ತೆ, ನಿಜ, ಆದ್ರೆ ಆಮೇಲೆ ಮಾಡಿದ ಎಡಿಟ್ ಯಾವ್ದೂ ಅದ್ರಲ್ಲಿ ಇರಲ್ಲ. ಆಲ್ಬಮ್ ಡಿಸೈನ್ ಮಾಡೋ ಹುಡುಗನ ಹತ್ರ ಹಳೇ ವರ್ಷನ್ನೇ ಇತ್ತು, ಅವನು ಫೋನ್ ಮಾಡಿ ಅಣ್ಣಾ ಏನೂ ಓಪನ್ ಆಗ್ತಿಲ್ಲ ಅಂತಾನೆ, ಈ ಕಡೆ ಪಾರ್ಟಿಯವರು ಆಲ್ಬಮ್ ಎಲ್ಲಿ ಅಂತಾರೆ. ಕೊನೆಗೆ ಎಲ್ಲಾ ಜೆಪೆಗ್ ಮಾಡಿ ಕಳಿಸಿದ್ದಾಯ್ತು.

ಬೇಡಪ್ಪಾ ಅಂತ ಕ್ಯಾನ್ಸಲ್ ಮಾಡೋಕ್ ಹೋದ್ರೆ, ತಿಂಗಳಿಗಿಷ್ಟು ಅಂತ ದೊಡ್ಡ ಅಕ್ಷರದಲ್ಲಿ ತೋರಿಸಿದ್ದ ಪ್ಲಾನ್ ನಿಜವಾಗ್ಲೂ ಒಂದು ವರ್ಷದ ಒಪ್ಪಂದ, ಮಧ್ಯದಲ್ಲಿ ಬಿಟ್ರೆ ಉಳಿದ ತಿಂಗಳುಗಳ ದುಡ್ಡಲ್ಲಿ ಅರ್ಧ ಕಟ್ಬೇಕು ಅಂದ್ರು. ಆ ಸಾಲು ಪೇಮೆಂಟ್ ಪೇಜಿನ ಕೆಳಗೆ ಸಣ್ಣದಾಗಿ ಇರುತ್ತೆ. ಇದು ಮೋಸ ಅಲ್ದೆ ಇನ್ನೇನು ಹೇಳಿ.

ಟ್ರಯಲ್ ಇದ್ರೆ ಕ್ಯಾಟಲಾಗ್‌ನ ಕಾಪಿ ಮಾಡ್ಕೊಂಡು, ನಿಮ್ ಕಂಪ್ಯೂಟರಲ್ಲೇ, ನಿಮ್ದೇ ಕೆಟ್ಟ ಲೈಟಿನ ಫೋಟೋ ಹಾಕಿ ನೋಡಿ, ಅವರ ಡೆಮೊ ಫೋಟೋ ನಂಬ್ಬೇಡಿ. ಇದಕ್ಕೆಲ್ಲ ಆಷಾಢ ಬರೋವರ್ಗೂ ಕಾಯಿರಿ, ಆಗ ಮದುವೆ ಇರಲ್ಲ, ಏನಾದ್ರೂ ಕೆಟ್ರೂ ಸರಿ ಮಾಡ್ಕೊಳ್ಳೋಕೆ ಟೈಮ್ ಇರುತ್ತೆ. ರಾ ಫೈಲ್ ಓಪನ್ ಮಾಡೋದಷ್ಟೇ ಬೇಕಿದ್ರೆ ಡಾರ್ಕ್‌ಟೇಬಲ್, ರಾಥೆರಪಿ ಅಂತ ಸಾಫ್ಟ್‌ವೇರ್ ಇವೆ, ಎರಡೂ ಫ್ರೀ, ಕಲಿಯೋದು ಸ್ವಲ್ಪ ಕಷ್ಟ ಅಷ್ಟೇ.

ಈಗಾಗ್ಲೇ ದುಡ್ಡು ಕಟ್ಟಿರೋರು ರೀಫಂಡ್ ಎಷ್ಟು ದಿನದೊಳಗೆ ಅಂತ ಇವತ್ತೇ ನೋಡಿ, ಕೆಲವು ಕಡೆ 14 ದಿನ ಇರುತ್ತೆ. ತಿಂಗಳ ದುಡ್ಡು 15,000 ರೂಪಾಯಿ ಒಳಗಿದ್ರೆ ಓಟಿಪಿ ಕೇಳ್ದೇನೇ ಕಟ್ ಆಗುತ್ತೆ, 24 ಗಂಟೆ ಮುಂಚೆ ಬ್ಯಾಂಕಿಂದ ಮೆಸೇಜ್ ಬರುತ್ತೆ, ಆ ಮೆಸೇಜ್ ಬಂದಾಗ ಡಿಲೀಟ್ ಮಾಡ್ಬಿಡ್ಬೇಡಿ.