ರೆಗ್ಯುಲೇಟರ್ ಸರ್ವಿಸ್‌ಗೆ ಕೊಡುವ ಮೊದಲು ಓದಿ: ಬಿಲ್ ಕಟ್ಟಿದೆ, ಕೆಲಸ ಆಗಿರಲಿಲ್ಲ

ಸ್ಕೂಬಾ ಡೈವಿಂಗ್ ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಲುಪಿಸುವ ಸೆಟ್) ಸರ್ವಿಸ್‌ಗೆ ಅಂಗಡಿಯವರು ಫೋನ್‌ನಲ್ಲಿ ಹೇಳಿದ ದುಡ್ಡಿನ ಮೂರೂವರೆ ಪಟ್ಟು ಕಟ್ಟಿ ಬಂದಿದ್ದೇನೆ. ಹೊಸ ಸೆಟ್ಟಿನ ಬೆಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ. ಅಷ್ಟು ಕಟ್ಟಿಯೂ ಫಸ್ಟ್ ಸ್ಟೇಜಿನ (ಸಿಲಿಂಡರ್‌ಗೆ ಸಿಕ್ಕಿಸುವ ಭಾಗ) ಒಳಗಿದ್ದ ಭಾಗಗಳು ಹಳೆಯವೇ! ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಇದು ನೀರಿನ ಕೆಳಗೆ ಉಸಿರಾಡುವ ಸಾಮಾನು. ಸುಮ್ನೆ ಇರಲು ಆಗಲಿಲ್ಲ.

ನನ್ನ ಸೆಟ್ ಎರಡು ವರ್ಷ ಹಳೆಯದು, 90ರ ಆಸುಪಾಸು ಡೈವ್ ಕಂಡಿದೆ. ಎರಡು ವರ್ಷ ಅಥವಾ 100 ಡೈವ್, ಯಾವುದು ಮೊದಲೋ ಆಗ ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿಸಬೇಕು ಅಂತ ನನ್ನ ಕೈಪಿಡಿಯಲ್ಲಿದೆ. ಜೊತೆಗೆ ಫಸ್ಟ್ ಸ್ಟೇಜಿಗೆ ಗಾಳಿ ಬರುವ ಬಾಯಲ್ಲಿರುವ ಫಿಲ್ಟರ್ ಹಸಿರಾಗಿತ್ತು. ಅಂದರೆ ಎಂದೋ ಉಪ್ಪುನೀರು ಒಳಗೆ ಹೋಗಿದೆ. ತಂತ್ರಜ್ಞರಿಗೆ ತೋರಿಸೋಣ ಅಂತ ಅದರ ಫೋಟೊ ತೆಗೆದಿಟ್ಟಿದ್ದೆ. ಆ ಫೋಟೊ ಇಲ್ಲದಿದ್ದರೆ ನನಗೆ ಇವತ್ತಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಫೋನ್ ಮಾಡಿ ಕೇಳಿದೆ. ಒಂದು ಮೊತ್ತ ಹೇಳಿದರು. "ಪೂರ್ತಿ ಸೆಟ್ಟಿಗಾ?" ಅಂದೆ. "ಹೌದು ಸರ್, ಸರ್ವಿಸ್ ಅಷ್ಟೇ" ಅಂದರು. ಈ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

ಡೈವಿಂಗ್ ಪ್ರವಾಸಕ್ಕೆ ಮೂರು ದಿನ ಇದ್ದಾಗ ತರಲು ಹೋದೆ. ಬಿಲ್ ಕೈಗಿಟ್ಟರು. ಫಸ್ಟ್ ಸ್ಟೇಜ್ ಲೇಬರ್. ಸೆಕೆಂಡ್ ಸ್ಟೇಜ್ (ಬಾಯಲ್ಲಿ ಇಟ್ಟುಕೊಳ್ಳುವ ಭಾಗ) ಲೇಬರ್. ಆಕ್ಟೋಪಸ್ (ತುರ್ತಿಗೆ ಇರುವ ಇನ್ನೊಂದು ಸೆಕೆಂಡ್ ಸ್ಟೇಜ್) ಲೇಬರ್. ಮೂರಕ್ಕೂ ಬೇರೆ ಬೇರೆ ಕಿಟ್ (ಬದಲಿಸುವ ಸಣ್ಣ ಭಾಗಗಳು). ಫಿಲ್ಟರ್ ಬೇರೆ. ಅಲ್ಟ್ರಾಸೋನಿಕ್ ಕ್ಲೀನಿಂಗ್ ಬೇರೆ. ಟೆಸ್ಟಿಂಗ್ ಬೇರೆ. ಮೇಲೆ ಮೂರು ಹೊಸ ಹೋಸ್, ಅಂದರೆ ಗಾಳಿಯ ಪೈಪ್! ಹೋಸ್ ಬದಲಿಸಿ ಅಂತ ನಾನು ಹೇಳಿಯೇ ಇರಲಿಲ್ಲ. ಹಳೆಯವಕ್ಕೆ ಎರಡೇ ವರ್ಷ, ಒಂದು ಬಿರುಕೂ ಇರಲಿಲ್ಲ.

"ನೀವು ಫೋನ್‌ನಲ್ಲಿ ಹೇಳಿದ್ದು ಬೇರೆ" ಅಂದೆ.

"ಸರ್, ಅದು ಒಂದು ಸ್ಟೇಜಿನ ಲೇಬರ್. ನಿಮ್ಮದು ಮೂರು ಅಲ್ವಾ?"

ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ ನನ್ನ ಮುಖ ನೋಡಿದರು. ಹಿಂದೆ ಇಬ್ಬರು ನಿಂತಿದ್ದರು. ಇಷ್ಟು ವರ್ಷ ಡೈವ್ ಮಾಡಿ ಇದು ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ತಲೆಯಾಡಿಸಿ ಕಟ್ಟಿಬಿಟ್ಟೆ. ಅಲ್ಲೇ ನಿಂತು ಜಗಳ ಆಡಬೇಕಿತ್ತು. ಆಡಲಿಲ್ಲ.

ಒಂದು ಮಾತು ಸರಿಯಾಗಿಯೇ ಹೇಳಬೇಕು. ಸ್ಟೇಜಿಗೆ ಇಷ್ಟು ಅಂತ ಲೇಬರ್ ತೆಗೆದುಕೊಳ್ಳುವುದು ತಪ್ಪಲ್ಲ, ತುಂಬಾ ಕಡೆ ಹಾಗೇ ನಡೆಯುತ್ತದೆ. ಕಿಟ್ಟಿಗೆ ಬೇರೆ ದುಡ್ಡು ಕೇಳುವುದೂ ಮಾಮೂಲಿ. ಆದರೆ ಕೇಳಿದಾಗ ಹೇಳಬೇಕಲ್ಲವೇ? ನಾನು ಕೇಳಿದ್ದೆ. "ಪೂರ್ತಿ ಸೆಟ್ಟಿಗಾ" ಅಂತಲೇ ಕೇಳಿದ್ದೆ.

ಬಿಚ್ಚಿದ ಹಳೆ ಭಾಗಗಳನ್ನು ಕೊಡಿ ಅಂದೆ. "ಎಸೆದುಬಿಟ್ವಿ ಸರ್, ಯಾರೂ ಕೇಳಲ್ಲ." ಹೋಸ್‌ಗಳು? "ಅವೂ ಹೋದವು."

ಪ್ರವಾಸದ ಮೊದಲ ದಿನ. ಸಿಲಿಂಡರ್‌ಗೆ ಹಾಕಿ ಒಂದು ನಿಮಿಷ ಆಗುವಷ್ಟರಲ್ಲಿ ಸೆಕೆಂಡ್ ಸ್ಟೇಜ್ ಸಣ್ಣಗೆ ಬುಸ್ ಅನ್ನತೊಡಗಿತು. ಗಾಳಿ ಹೊರಬಿಡುವ ಪರ್ಜ್ ಬಟನ್ ಒತ್ತಿ ಬಿಟ್ಟೆ, ನಿಂತಿತು. ಈಗಷ್ಟೇ ಸರ್ವಿಸ್ ಆಗಿದೆ, ಹೊಸ ಸೀಟ್ (ಗಾಳಿಯ ದಾರಿ ಮುಚ್ಚುವ ಭಾಗ) ಕೂರಲು ಸ್ವಲ್ಪ ಹೊತ್ತು ಬೇಕೇನೋ ಅಂದುಕೊಂಡು ನೀರಿಗಿಳಿದೆ. ಇಳಿಯಬಾರದಿತ್ತು. 18 ಮೀಟರ್‌ನಲ್ಲಿ ಗಾಳಿ ಬಿಡದೆ ಸೋರಲು ಶುರುವಾಯಿತು. ಉಸಿರು ಎಳೆಯದಿದ್ದರೂ ಗುಳ್ಳೆ, ಉಳಿದ ಗಾಳಿ ತೋರಿಸುವ ಗೇಜಿನ ಮುಳ್ಳು ಇಳಿಯುತ್ತಲೇ ಇದೆ. ಜೊತೆಗಾರರು ಪಕ್ಕದಲ್ಲೇ ಇದ್ದರು, ಇಬ್ಬರೂ ನಿಧಾನಕ್ಕೆ ಮೇಲೆ ಬಂದೆವು. ಏನೂ ಆಗಲಿಲ್ಲ. ಆದರೆ ಆ ಮುಳ್ಳು ಇನ್ನೂ ಕಣ್ಣ ಮುಂದಿದೆ.

ರಾತ್ರಿ ಫಸ್ಟ್ ಸ್ಟೇಜಿನ ಡಸ್ಟ್ ಕ್ಯಾಪ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಹಸಿರು ಫಿಲ್ಟರ್. ಹಳೆ ಫೋಟೊ ತೆಗೆದು ಪಕ್ಕದಲ್ಲಿಟ್ಟೆ. ಅದೇ ಕಲೆ, ಅದೇ ಅಂಚಿನಲ್ಲಿ. ದುಡ್ಡು ತೆಗೆದುಕೊಂಡ ಫಿಲ್ಟರ್! ನನ್ನ ಮಾದರಿಯ ಫಸ್ಟ್ ಸ್ಟೇಜ್ ಕಿಟ್ಟಿನಲ್ಲೇ ಫಿಲ್ಟರ್ ಬರುತ್ತದೆ. ಹಾಗಾದರೆ ಕಿಟ್ಟಿಗೆ ಒಮ್ಮೆ, ಫಿಲ್ಟರ್‌ಗೆ ಇನ್ನೊಮ್ಮೆ ಕಟ್ಟಿದ್ದೇನೆ, ಹಾಕಿರುವುದು ಎರಡೂ ಅಲ್ಲ. ಕೈ ನಡುಗುತ್ತಿತ್ತು. ತುಂಬಾ ಹೊತ್ತು ಆ ಎರಡನ್ನೇ ನೋಡುತ್ತಾ ಕೂತಿದ್ದೆ.

ಮಾರನೇ ದಿನ ಅಂಗಡಿಗೆ ಫೋನ್ ಮಾಡಿದೆ.

"ಡೈವ್ ಆದಮೇಲೆ ತೊಳೆಯುವಾಗ ನೀರು ಬಿಟ್ಟಿರ್ತೀರಿ ಸರ್."

ಫೋಟೊ ಸರ್ವಿಸ್‌ಗೂ ಮುಂಚಿನದು ಅಂದೆ, ಎರಡನ್ನೂ ಕಳಿಸಿದೆ.

"ಫಿಲ್ಟರ್ ಚೆನ್ನಾಗೇ ಇತ್ತು, ಕ್ಲೀನ್ ಮಾಡಿ ಹಾಕಿದ್ದೀವಿ."

ಹಾಗಾದರೆ ದುಡ್ಡು ಯಾಕೆ?

"ಕಿಟ್ ಓಪನ್ ಮಾಡಿದಮೇಲೆ ಚಾರ್ಜ್ ಆಗತ್ತೆ ಸರ್. ತನ್ನಿ, ನೋಡೋಣ. ಇನ್‌ಸ್ಪೆಕ್ಷನ್ ಫೀ ಇರತ್ತೆ."

ಇನ್‌ಸ್ಪೆಕ್ಷನ್ ಫೀ! ಅವರು ಕೆಡಿಸಿದ್ದನ್ನು ನೋಡಲು ನಾನು ಮತ್ತೆ ದುಡ್ಡು ಕೊಡಬೇಕು.

ಬೇರೆ ತಂತ್ರಜ್ಞರ ಹತ್ತಿರ ಹೋದೆ. ಅವರು ಲೋ ಪ್ರೆಶರ್ ಹೋಸ್‌ಗೆ ಒಂದು ಗೇಜ್ ಸಿಕ್ಕಿಸಿ ನನಗೇ ನೋಡಲು ಹೇಳಿದರು. ಸಿಲಿಂಡರ್‌ನ 200 ಬಾರ್ ಒತ್ತಡವನ್ನು ಫಸ್ಟ್ ಸ್ಟೇಜ್ ಸುತ್ತಲಿನ ಒತ್ತಡಕ್ಕಿಂತ ಸುಮಾರು 9.5 ಬಾರ್ ಮಾತ್ರ ಹೆಚ್ಚಿರುವಷ್ಟಕ್ಕೆ ಇಳಿಸಿ ನಿಲ್ಲಿಸಬೇಕು. ನನ್ನದು 9.5ಕ್ಕೆ ಬಂತು, ನಿಲ್ಲಲಿಲ್ಲ. 10 ಆಯಿತು, 11, 12. ಆಮೇಲೆ ಬುಸ್ ಅಂತು. ಫಸ್ಟ್ ಸ್ಟೇಜಿನ ಒಳಗೆ ಸಿಲಿಂಡರ್ ಗಾಳಿಯನ್ನು ತಡೆಯುವ ಹೈ ಪ್ರೆಶರ್ ಸೀಟ್ ಗಟ್ಟಿಯಾಗಿ ಮುಚ್ಚದಿದ್ದರೆ ಹೀಗೇ ಆಗುವುದು. ಒತ್ತಡ ಏರುತ್ತಾ ಹೋಗಿ ಸೆಕೆಂಡ್ ಸ್ಟೇಜನ್ನು ತಾನೇ ತಳ್ಳಿ ತೆರೆಯುತ್ತದೆ. ನನ್ನ ಮುಂದೆಯೇ ಬಿಚ್ಚಿ ತೋರಿಸಿದರು. ಸೀಟಿನ ಮೇಲೆ ಉಂಗುರದ ಹಾಗೆ ಆಳವಾದ ಗುರುತು. "ಇದು ಹೊಸದಲ್ಲ" ಅಂದರು, ಅಷ್ಟೇ. ಹೊಸ ಕಿಟ್ ಹಾಕಿದರು. ಅವರು ತೆಗೆದುಕೊಂಡಿದ್ದು ಮೊದಲಿನ ಬಿಲ್ಲಿನ ಕಾಲು ಭಾಗ.

ಆದ್ದರಿಂದ ದಯವಿಟ್ಟು, ಯಾವ ಸ್ಟೇಜಿಗೆ ಎಷ್ಟು ಲೇಬರ್, ಕಿಟ್ ಸೇರಿದೆಯೋ ಇಲ್ಲವೋ, ಎಲ್ಲ ಬರಹದಲ್ಲಿ ತೆಗೆದುಕೊಳ್ಳಿ. ಫೋನ್ ಮಾತು ನಂಬಬೇಡಿ. ಕೇಳದೆ ಹೋಸ್ ಮುಟ್ಟಬೇಡಿ ಅಂತ ಮೊದಲೇ ಹೇಳಿ. ಹಳೆ ಭಾಗಗಳು ವಾಪಸ್ ಬೇಕು ಅಂತ ಕೊಡುವಾಗಲೇ ಹೇಳಿ, ತರುವಾಗ ಅಲ್ಲ. ಸರ್ವಿಸ್ ಆದಮೇಲೆ ಫಸ್ಟ್ ಸ್ಟೇಜಿನಿಂದ ಬರುವ ಒತ್ತಡ ಎಷ್ಟಿತ್ತು ಅಂತ ಬಿಲ್ಲಿನ ಮೇಲೆ ಬರೆಸಿ. ಫಿಲ್ಟರ್ ಫೋಟೊ ತೆಗೆದಿಡಿ. ಪ್ರವಾಸ ಹತ್ತಿರ ಬಂದಾಗ ಕೊಡಲೇಬೇಡಿ, ನಿಮಗೆ ಅವಸರ ಇದೆ ಅಂತ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಮತ್ತೆ, ಹಿಂದೆ ಯಾರು ನಿಂತಿದ್ದರೂ ಬಿಲ್ಲಿನ ಒಂದೊಂದು ಸಾಲನ್ನೂ ಕೇಳಿ.

ಗುರುತು ಬಿದ್ದ ಸೀಟ್, ಹಸಿರು ಫಿಲ್ಟರ್ ಎರಡನ್ನೂ ಎರಡನೆಯವರು ಸಣ್ಣ ಕವರ್‌ನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು, ನಾನು ಕೇಳುವ ಮೊದಲೇ. ಅವುಗಳ ಫೋಟೊ ಮೊದಲಿನವರಿಗೆ ಕಳಿಸಿ ಹನ್ನೊಂದು ದಿನ ಆಯಿತು. ನೋಡಿದ್ದಾರೆ. ಉತ್ತರ ಬಂದಿಲ್ಲ, ಹಣವೂ ಬಂದಿಲ್ಲ.